ವೇಷ ಹಾಕಿದ ಮಾತ್ರಕ್ಕೆ ಕುಣಿತ ಬರುವುದಿಲ್ಲ

ವೇಷ ಹಾಕಿದ ಮೇಲೆ ಕುಣಿಯಲೇಬೇಕು ಅನ್ನುತ್ತಾರೆ. ಮನೆಯಿಂದ ಕೆಲಸ ಮಾಡುವವರಿಗೆ ಸಿಗುವ ಉಪದೇಶವೆಲ್ಲ ಈ ಗಾದೆಯ ಮೇಲೇ ನಿಂತಿದೆ. ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಶರ್ಟು ಹಾಕಿ, ಬೆಲ್ಟ್ ಬಿಗಿದು ಕೂತರೆ ಕೆಲಸ ತಾನಾಗಿ ಓಡುತ್ತದಂತೆ. ಬೆಲ್ಟ್ ಬಿಗಿದ ಮೇಲೂ ಗಂಟೆಗಟ್ಟಲೆ ಫೋನ್ ಉಜ್ಜುತ್ತಾ ಕೂರುವವರಿಗೆ ಕೊರತೆಯಿಲ್ಲ. ಬಟ್ಟೆಗೂ ಕೆಲಸಕ್ಕೂ ನಂಟು ಇರುವುದು ನಿಜ. ಆದರೆ ಆ ನಂಟನ್ನು ಬಟ್ಟೆಯ ಗತ್ತಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಅದು ಎಷ್ಟು ಶಾಖ ಹಿಡಿದಿಡುತ್ತದೆ, ಮೈಯನ್ನು ಎಲ್ಲಿ ಒತ್ತುತ್ತದೆ, ದಿನದಲ್ಲಿ ಯಾವಾಗ ಬದಲಾಗುತ್ತದೆ ಅಂತ ನೋಡಿದರೆ ಕೈಗೆ ಸಿಗುವುದು ಹೆಚ್ಚು.

ಮೊದಲು ಗತ್ತಿನ ವಿಷಯ ಮುಗಿಸಿಬಿಡೋಣ. 2012ರಲ್ಲಿ ಹಾಯೋ ಆ್ಯಡಂ ಮತ್ತು ಆ್ಯಡಂ ಗಲಿನ್ಸ್ಕಿ ಎಂಬ ಸಂಶೋಧಕರು ಬಿಳಿ ಕೋಟಿನ ಪ್ರಯೋಗ ಪ್ರಕಟಿಸಿದರು. ಒಂದೇ ಬಗೆಯ ಕೋಟನ್ನು ಕೆಲವರಿಗೆ ವೈದ್ಯರ ಕೋಟು ಅಂತಲೂ ಇನ್ನು ಕೆಲವರಿಗೆ ಚಿತ್ರ ಬಿಡಿಸುವವರ ಕೋಟು ಅಂತಲೂ ಹೇಳಿ ತೊಡಿಸಿದರು. ವೈದ್ಯರ ಕೋಟು ಅಂದುಕೊಂಡವರು ಎರಡು ಚಿತ್ರಗಳ ನಡುವಿನ ವ್ಯತ್ಯಾಸಗಳನ್ನು ಹೆಚ್ಚು ಹುಡುಕಿದರು. ಇವತ್ತಿಗೂ 'ಚೆನ್ನಾಗಿ ಉಡುಪು ಧರಿಸಿ' ಅನ್ನುವ ಉಪದೇಶದ ಹಿಂದೆ ಇರುವುದು ಬಹುಪಾಲು ಇದೇ ಪ್ರಯೋಗ. ಅದೇ ಲೇಖನದ ಮೊದಲ ಪ್ರಯೋಗವನ್ನು, ಅಂದರೆ ಒಂದು ಬಣ್ಣದ ಹೆಸರನ್ನು ಇನ್ನೊಂದು ಬಣ್ಣದ ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಿಸುವ ಪರೀಕ್ಷೆಯನ್ನು (ಕೋಟು ತೊಟ್ಟವರು ಅದರಲ್ಲಿ ಕಡಿಮೆ ತಪ್ಪು ಮಾಡಿದ್ದರು), 2019ರಲ್ಲಿ ಬೇರೆ ತಂಡ ಹೆಚ್ಚು ಜನರ ಮೇಲೆ ಮತ್ತೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ ಅನ್ನುವುದು ಉಪದೇಶಕರ ಕಿವಿಗೆ ಬಿದ್ದಂತಿಲ್ಲ. ತಮಾಷೆಯೆಂದರೆ, ಗಲಿನ್ಸ್ಕಿಯವರೇ ಪಾಲುಗೊಂಡು 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಮನೆಯಿಂದ ಕೆಲಸ ಮಾಡುವವರನ್ನೇ ನೋಡಿತು. ಅಲ್ಲಿ ತಾವು ತಾವಾಗಿದ್ದೇವೆ, ಕೆಲಸದಲ್ಲಿ ಮನಸ್ಸು ಹೂಡಿದ್ದೇವೆ ಅಂತ ಹೆಚ್ಚಾಗಿ ಹೇಳಿಕೊಂಡವರು ಮನೆಬಟ್ಟೆ ಹಾಕಿದವರು.

ಹಾಗಾಗಿ ಕೋಟಿನ ಮಹಿಮೆಯನ್ನು ಪಕ್ಕಕ್ಕಿಟ್ಟು ಅಳೆಯಬಹುದಾದ್ದನ್ನು ನೋಡೋಣ. ಅಂದರೆ ಶಾಖ.

ಬಟ್ಟೆ ಎಷ್ಟು ಬೆಚ್ಚಗಿಡುತ್ತದೆ ಅನ್ನುವುದಕ್ಕೆ 'ಕ್ಲೋ' ಅನ್ನುವ ಅಳತೆಯಿದೆ, 1941ರಿಂದ ಬಳಕೆಯಲ್ಲಿದೆ. 21 ಡಿಗ್ರಿ ಸೆಲ್ಸಿಯಸ್ ಕೋಣೆಯಲ್ಲಿ ಸುಮ್ಮನೆ ಕೂತವರಿಗೆ ಹಿತವಾಗಿರಲು ಬೇಕಾದಷ್ಟು ಬಟ್ಟೆ ಅಂದರೆ 1 ಕ್ಲೋ. ಕಟ್ಟಡಗಳಿಗೆ ಎಸಿ ಲೆಕ್ಕ ಹಾಕುವ ಎಂಜಿನಿಯರುಗಳ ಪಟ್ಟಿಯಲ್ಲಿ ಒಂದೊಂದು ಉಡುಪಿಗೂ ಅಂಕಿಯಿದೆ: ಟೀ ಶರ್ಟ್ 0.08, ಚಡ್ಡಿ 0.08, ಒಳ ಉಡುಪು 0.04, ತುಂಬು ತೋಳಿನ ಶರ್ಟ್ 0.25, ದಪ್ಪ ಪ್ಯಾಂಟ್ 0.24, ಗಿಡ್ಡ ಕಾಲುಚೀಲ 0.02. ಮೆತ್ತೆಯಿರುವ ಆಫೀಸ್ ಕುರ್ಚಿಯೂ ಸುಮಾರು 0.10 ಸೇರಿಸುತ್ತದೆ. ಒಳ ಉಡುಪು, ಕುರ್ಚಿ ಎರಡನ್ನೂ ಇಬ್ಬರಿಗೂ ಸೇರಿಸಿ ಕೂಡಿಸಿ ನೋಡಿ. ಟೀ ಶರ್ಟ್ ಚಡ್ಡಿಯಲ್ಲಿ ಕುರ್ಚಿಯ ಮೇಲೆ ಕೂತವರದ್ದು 0.30, ಶರ್ಟ್, ಪ್ಯಾಂಟ್, ಕಾಲುಚೀಲದವರದ್ದು 0.65. ಪ್ರತಿ 0.1 ಕ್ಲೋಗೆ ಹಿತವೆನಿಸುವ ಉಷ್ಣತೆ ಸುಮಾರು 0.6 ಡಿಗ್ರಿ ಸರಿಯುತ್ತದೆ. ಅಂದರೆ ಈ ಇಬ್ಬರಿಗೂ ಒಂದೇ ಕೋಣೆ ಎರಡು ಡಿಗ್ರಿ ವ್ಯತ್ಯಾಸದ ಎರಡು ಕೋಣೆಗಳಿದ್ದಂತೆ. ದಪ್ಪನೆಯ ತುಂಬು ತೋಳಿನ ಪೈಜಾಮ ಜೋಡಿ ಒಂದೇ 0.57! ಶರ್ಟು ಪ್ಯಾಂಟಿಗೆ ಅದು ಸರಿಸಾಟಿ. ಪೈಜಾಮ ಅಂದರೆ ಹಗುರ ಅನ್ನುವ ನಂಬಿಕೆ ಇಲ್ಲಿಗೇ ಮುಗಿಯಿತು.

ಮನೆಯಲ್ಲಿ ಎಡವುವುದು ಎಲ್ಲಿ ಗೊತ್ತೇ? ಬೆಳಿಗ್ಗೆ ಮನೆಗೆಲಸದ ಓಡಾಟದಲ್ಲಿ ಮೈ ಕೂತಾಗಿನ ಎರಡು ಪಟ್ಟು ಶಾಖ ಹುಟ್ಟಿಸುತ್ತಿರುತ್ತದೆ. ಆ ಬಿಸಿಯಲ್ಲೇ ಬಟ್ಟೆ ಆರಿಸುತ್ತೇವೆ, ತೆಳ್ಳಗಿನದನ್ನೇ. ಆಮೇಲೆ ಟೈಪ್ ಮಾಡುತ್ತಾ ಕೂತರೆ ಶಾಖ ಅರ್ಧಕ್ಕೆ ಇಳಿಯುತ್ತದೆ. ಮೈ ಶಾಖ ಉಳಿಸಲು ಮೊದಲು ಕಡಿಮೆ ಮಾಡುವುದು ಕೈಕಾಲಿಗೆ ಹೋಗುವ ರಕ್ತವನ್ನು. ಬೆರಳು ತಣ್ಣಗಾಗಿ ಪೆಡಸಾಗುತ್ತದೆ, ತಪ್ಪು ಕೀಲಿಗಳು ಒತ್ತಲ್ಪಡುತ್ತವೆ, ಗಮನ ಚದುರುತ್ತದೆ. ನಾವು ಅದನ್ನು ಸೋಮಾರಿತನ ಅಂತ ಕರೆದುಕೊಳ್ಳುತ್ತೇವೆ. ಕೂತು ಅರ್ಧ ಗಂಟೆಯಾದ ಮೇಲೆ ಬೆರಳ ತುದಿಯನ್ನು ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗೆ ತಾಗಿದರೆ ಬೆಚ್ಚಗಾಗಬೇಕಾದ್ದು ಎದೆ ಬೆನ್ನು. ತೋಳಿಲ್ಲದ ತೆಳು ಸ್ವೆಟರ್ 0.13 ಕ್ಲೋ ಕೊಡುತ್ತದೆ, ಮುಂಗೈಗೆ ಅಡ್ಡ ಬರುವುದಿಲ್ಲ. ನಡು ಮೈ ಬೆಚ್ಚಗಾದರೆ ಬೆರಳಿಗೆ ರಕ್ತ ತಾನಾಗಿ ಮರಳುತ್ತದೆ.

ಊಟವಾದ ಮೇಲೆ ಆಟ ತಿರುಗುಮುರುಗು. ಕೈಕಾಲಿನ ರಕ್ತನಾಳಗಳು ಹಿಗ್ಗಿ ಅಂಗೈ ಅಂಗಾಲು ಬೆಚ್ಚಗಾಗುವುದು ನಿದ್ದೆ ಬೇಗ ಹತ್ತುವ ಸೂಚನೆ ಅಂತ 1999ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ತೋರಿಸಿದ್ದಾರೆ. ಮಧ್ಯಾಹ್ನ ಎರಡು ಗಂಟೆಗೆ ಕಾಲ ಮೇಲೆ ಹೊದಿಕೆ, ದಪ್ಪ ಉಣ್ಣೆಯ ಕಾಲುಚೀಲ, ಮುಂಗೈ ಮುಚ್ಚುವ ಹೂಡಿ ಹಾಕಿ ಕೂರುವುದೆಂದರೆ ನಿದ್ದೆಗೆ ಮಣೆ ಹಾಕಿ ಕರೆದಂತೆ. ಎದೆ ಬೆನ್ನಿನ ಪದರ ಇರಲಿ, ಕಾಲುಚೀಲ ತೆಗೆದುಬಿಡಿ, ತೋಳು ಮಡಿಸಿ. ಅದೇ ಕಾಲುಚೀಲ ರಾತ್ರಿ ಮಲಗುವ ಮುಂಚೆ ಒಳ್ಳೆಯ ಔಷಧ. ರಾತ್ರಿ ಪಾಳಿಯವರಿಗೆ ಇನ್ನೊಂದು ಮಾತು: ರಾತ್ರಿ ಮಲಗಿ ರೂಢಿಯಿರುವವರ ಮೈ ಶಾಖ ತಳಮುಟ್ಟುವುದು ಬೆಳಗಿನ ಜಾವ ನಾಲ್ಕೈದು ಗಂಟೆ ಸುಮಾರಿಗೆ. ಮೂರಕ್ಕೇ ಒಂದು ಪದರ ಹೆಚ್ಚಿಸಿ, ನಡುಕ ಬರಲಿ ಅಂತ ಕಾಯಬೇಡಿ.

ನೂಲಿನ ಬಗ್ಗೆ ಚಿಕ್ಕದಾಗಿ. ಹತ್ತಿ ತನ್ನ ತೂಕದ ಸುಮಾರು 8.5 ಶೇಕಡಾ ತೇವವನ್ನು ಗಾಳಿಯಿಂದಲೇ ಹೀರಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ 0.4 ಶೇಕಡಾ. ರೆಕ್ಸಿನ್ ಕುರ್ಚಿಯ ಮೇಲೆ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಹಾಕಿ ಕೂತರೆ ಬೆವರಿಗೆ ಹೋಗಲು ದಾರಿಯಿಲ್ಲ, ತೊಡೆ ಅಂಟುತ್ತದೆ. ಮೇಲಾಗಿ ಅದು ನುಣುಪು: ಸೊಂಟ ಮುಂದಕ್ಕೆ ಜಾರುತ್ತದೆ, ಬೆನ್ನು ಗೂನಾಗುತ್ತದೆ, ಸಂಜೆಗೆ ನಡು ನೋವು. ಬೈಗುಳ ಮಾತ್ರ ಕುರ್ಚಿಗೆ. ಸ್ವಲ್ಪ ಒರಟಾದ ಹತ್ತಿ ಪ್ಯಾಂಟ್ ಸೀಟನ್ನು ಹಿಡಿದುಕೊಳ್ಳುತ್ತದೆ.

ಇನ್ನು ಒತ್ತಡ. ಪ್ಯಾಂಟನ್ನು ನಿಂತು ಹಾಕಿ ನೋಡಿ ಕೊಳ್ಳುತ್ತೇವೆ, ಎಂಟು ಗಂಟೆ ಕೂತು ಬಳಸುತ್ತೇವೆ. ಕೂತಾಗ ಸೊಂಟದ ಸುತ್ತಳತೆ ಹಿಗ್ಗುತ್ತದೆ, ಊಟವಾದ ಮೇಲೆ ಇನ್ನಷ್ಟು. ಊಟ ಮುಗಿಸಿ ಕೂತು, ಸೊಂಟಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ. ಸರಾಗವಾಗಿ ಹೋಗದಿದ್ದರೆ ಅದು ಕೂರುವ ಬಟ್ಟೆಯಲ್ಲ. ಹೊಟ್ಟೆ ಬಿಗಿದರೆ ಹುಳಿತೇಗು ಮೇಲೇರುತ್ತದೆ, ಉಸಿರು ಮೇಲ್ಮೇಲೆ ಆಡುತ್ತದೆ. ಎಲಾಸ್ಟಿಕ್ ಆದರೂ ಒಂದು ಸೆಂಟಿಮೀಟರಿನ ದಾರದಂಥದ್ದು ಕೊರೆಯುತ್ತದೆ, ಮೂರು ನಾಲ್ಕು ಸೆಂಟಿಮೀಟರ್ ಅಗಲವಿದ್ದರೆ ಒತ್ತಡ ಹಂಚಿಹೋಗುತ್ತದೆ. ತೊಡೆಸಂದಿಯಲ್ಲಿ ಬಿಗಿಯಾದ ಜೀನ್ಸ್ ಅಲ್ಲಿ ಹಾದುಹೋಗುವ ಚರ್ಮದ ನರವನ್ನು ಅದುಮುತ್ತದೆ. ತೊಡೆಯ ಹೊರಬದಿ ಉರಿ, ಜೋಮು ಬಂದರೆ ಮೊದಲು ಪ್ಯಾಂಟ್ ಬದಲಾಯಿಸಿ ನೋಡಿ. ಹಿಂದಿನ ಜೇಬಿನಲ್ಲಿ ಪರ್ಸಾಗಲಿ ಫೋನಾಗಲಿ ಬೇಡ, ಸೊಂಟ ಒಂದು ಬದಿಗೆ ವಾಲುತ್ತದೆ. ತೋಳಿನ ಗುಂಡಿ ಮೇಜಿನ ಅಂಚಿಗೂ ಮಣಿಕಟ್ಟಿಗೂ ನಡುವೆ ಸಿಕ್ಕಿ ಒತ್ತುತ್ತದೆ, ಎರಡು ಮಡಿಕೆ ಮೇಲೆತ್ತಿ. ಆದರೆ ಮೊಣಕೈ ಮೇಲೆ ಬಿಗಿಯಾಗಿ ನಿಲ್ಲಿಸಬೇಡಿ, ಕಿರುಬೆರಳು ಜೋಮು ಹಿಡಿಯುತ್ತದೆ.

ಟೈ ಕಟ್ಟಿದರೆ ಗಂಭೀರತೆ ಬರುತ್ತದೆ ಅನ್ನುವವರಿಗೂ ಒಂದು ಅಂಕಿ ಇದೆ. 2018ರಲ್ಲಿ ಜರ್ಮನಿಯಲ್ಲಿ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಟೈ ಬಿಗಿಸಿ ನೋಡಿದಾಗ ಮಿದುಳಿನ ರಕ್ತದ ಹರಿವು ಸರಾಸರಿ 7.5 ಶೇಕಡಾ ಇಳಿಯಿತು. ಆರೋಗ್ಯವಂತರಿಗೆ ಅಪಾಯವೇನಲ್ಲ. ಆದರೂ ಬುದ್ಧಿ ಚುರುಕಾಗಲಿ ಅಂತ ಕತ್ತು ಬಿಗಿದುಕೊಳ್ಳುವುದರ ಚೆಂದ ನೋಡಿ.

ಹಾಗಾದರೆ ಮಲಗಿದ ಬಟ್ಟೆಯಲ್ಲೇ ಕೂತು ಕೆಲಸ ಮಾಡಬಹುದೇ? ನನ್ನ ಉತ್ತರ: ಅದೇ ಬಗೆಯ ಬಟ್ಟೆ ಆಗಬಹುದು, ಅದೇ ಬಟ್ಟೆ ಬೇಡ. ಪೈಜಾಮದಿಂದ ಪೈಜಾಮಕ್ಕೇ ಬದಲಾಯಿಸಿದರೂ ಸರಿ, ಬದಲಾಯಿಸಿ. ಪ್ರತ್ಯೇಕ ಕೋಣೆ ಇಲ್ಲದವರಿಗೆ, ದಾರಿ ನಡೆದು ಆಫೀಸ್ ಸೇರುವ ಹೊತ್ತು ಇಲ್ಲದವರಿಗೆ, ಬಾಗಿಲಿನ ಕೆಲಸ ಮಾಡಿಕೊಡುವುದು ಈ ಬದಲಾವಣೆಯೇ. ಮಲಗಲೂ ಕೆಲಸಕ್ಕೂ ಒಂದೇ ಬಟ್ಟೆಯಾದರೆ ಅದು ಯಾವುದಕ್ಕೂ ಗುರುತಾಗಿ ಉಳಿಯುವುದಿಲ್ಲ, ರಾತ್ರಿ ಹತ್ತಕ್ಕೂ 'ಒಂದೇ ಒಂದು ಮೇಲ್' ಅಂತ ಲ್ಯಾಪ್‌ಟಾಪ್ ತೆರೆಯುತ್ತೇವೆ.

ಕ್ರಮ ಸರಳ. ಹಿಂದಿನ ರಾತ್ರಿಯೇ ಒಂದು ಜೊತೆ ತೆಗೆದಿಡಿ, ಬೆಳಿಗ್ಗೆ ಆರಿಸುವ ಕೆಲಸ ಇರಕೂಡದು. ಲ್ಯಾಪ್‌ಟಾಪ್ ತೆರೆಯುವ ಮುಂಚೆ ಬದಲಾಯಿಸಿ. ಆ ಬಟ್ಟೆಯಲ್ಲಿ ಹಾಸಿಗೆ ಮೇಲೆ ಅಡ್ಡಾಗಬೇಡಿ, ಅಡ್ಡಾಗಲೇಬೇಕಾದರೆ ಬಿಚ್ಚಿ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಹತ್ತು ನಿಮಿಷದೊಳಗೆ ತೆಗೆಯಿರಿ. ಬೆಳಿಗ್ಗೆ ಹಾಕುವುದಕ್ಕಿಂತ ಸಂಜೆ ತೆಗೆಯುವುದೇ ಮುಖ್ಯ ಅಂತ ನನಗನಿಸುತ್ತದೆ, ಬಹುತೇಕರು ಬಿಟ್ಟುಬಿಡುವುದೂ ಅದನ್ನೇ. ಈ ಪದ್ಧತಿ ಕೆಡುವುದು ಸಾಮಾನ್ಯವಾಗಿ ನಾಲ್ಕನೆಯ ದಿನ, ಒಗೆದ ಬಟ್ಟೆ ಮುಗಿದಾಗ. ಎರಡು ಒಗೆತದ ನಡುವಿನ ದಿನಗಳಿಗಿಂತ ಒಂದು ಮೇಲಂಗಿ ಹೆಚ್ಚಿರಲಿ: ನಾಲ್ಕು ದಿನಕ್ಕೊಮ್ಮೆ ಒಗೆಯುವ ಮನೆಯಾದರೆ ಐದು ಮೇಲಂಗಿ, ಎರಡು ಮೂರು ಪ್ಯಾಂಟ್. ಪೂರ್ತಿ ಬದಲಾಯಿಸಲು ಬೇಸರವೇ? ಟೀ ಶರ್ಟಿನ ಮೇಲೆ ಹಾಕುವ ತೆಳು ಅಂಗಿಯೊಂದನ್ನು ಕೆಲಸಕ್ಕೆಂದೇ ಮೀಸಲಿಡಿ. ಹಾಕಿದಾಗ ಏಕಾಗ್ರತೆಯ ಕೆಲಸ, ಬಿಡುವಿಗೆ ಎದ್ದಾಗ ಕುರ್ಚಿಗೆ ನೇತುಹಾಕಿ. ಅಂಗಿ ಮೈಮೇಲಿದ್ದರೆ ಮಾತಾಡಿಸಬೇಡಿ ಅನ್ನುವುದನ್ನು ಮಕ್ಕಳೂ ಬೇಗ ಕಲಿಯುತ್ತಾರೆ.

ವಿಡಿಯೊ ಮೀಟಿಂಗಿಗೆ ಬೇರೆಯದೇ ಲೆಕ್ಕ. ಅಚ್ಚ ಬಿಳಿ ಶರ್ಟ್ ಚೌಕಟ್ಟು ತುಂಬಿದರೆ ಕ್ಯಾಮೆರಾ ಬೆಳಕು ತಗ್ಗಿಸಿ ಮುಖ ಕಪ್ಪಾಗಿಸುತ್ತದೆ, ಸಣ್ಣ ಗೆರೆ ಚೌಕಳಿ ಅಲೆಯಂತೆ ಮಿನುಗುತ್ತವೆ. ನಡುಬಣ್ಣದ ಸಾದಾ ಬಟ್ಟೆ ಸಾಕು. ಬಳೆ, ಲೋಹದ ವಾಚು ಮೇಜಿಗೆ ತಾಗಿದ ಸದ್ದು ಲ್ಯಾಪ್‌ಟಾಪಿನ ಮೈಕಿಗೆ ನೇರ ಹೋಗುತ್ತದೆ. ಕೆಳಗೆ ಚಡ್ಡಿ ಇದ್ದರೆ ನನ್ನ ತಕರಾರಿಲ್ಲ, ಮಧ್ಯದಲ್ಲಿ ಏಳದಿದ್ದರೆ ಸರಿ.

ಪೈಜಾಮದ ಬಗ್ಗೆ ಇನ್ನೊಂದು ಮಾತು ಉಳಿಯಿತು. 2020ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧಕರ ಸಮೀಕ್ಷೆಯಲ್ಲಿ, ವಾರಕ್ಕೆ ಒಂದು ದಿನವಾದರೂ ಪೈಜಾಮದಲ್ಲಿ ಕೆಲಸ ಮಾಡಿದವರ ಪೈಕಿ ಮನಸ್ಸಿನ ಆರೋಗ್ಯ ಕುಸಿದಿದೆ ಅಂದವರು 59 ಶೇಕಡಾ, ಹಾಗೆ ಮಾಡದವರಲ್ಲಿ 26. ಕೆಲಸದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಪೈಜಾಮದಿಂದ ಮನಸ್ಸು ಕುಗ್ಗಿತೋ, ಕುಗ್ಗಿದ ಮನಸ್ಸಿಗೆ ಬಟ್ಟೆ ಬದಲಾಯಿಸಲು ಆಗಲಿಲ್ಲವೋ, ಸಮೀಕ್ಷೆ ಹೇಳಲಾರದು. ದಿನಾ ಬದಲಾಯಿಸುತ್ತಿದ್ದವರು ವಾರಗಟ್ಟಲೆ ಬದಲಾಯಿಸದೆ ಇದ್ದರೆ ಹೊಸ ಶರ್ಟ್ ಕೊಡಿಸುವುದಕ್ಕಿಂತ ಪಕ್ಕದಲ್ಲಿ ಕೂತು ಮಾತಾಡಿಸುವುದು ಮೇಲು.

ಇದೆಲ್ಲ ನಿಮಗೆ ಎಷ್ಟು ಅನ್ವಯಿಸುತ್ತದೆ ಅಂತ ತಿಳಿಯಲು ಇಪ್ಪತ್ತು ಕೆಲಸದ ದಿನ ಸಾಕು. ಮನಸ್ಸಿಗೆ ಬಂದಂತೆ ಬಟ್ಟೆ ಹಾಕಿ ಲೆಕ್ಕ ಇಟ್ಟರೆ ಮೋಸ ಹೋಗುತ್ತೀರಿ, ಮುಖ್ಯ ಮೀಟಿಂಗ್ ಇರುವ ದಿನವೇ ಒಳ್ಳೆಯ ಬಟ್ಟೆ ಹಾಕುತ್ತೀರಿ, ಆ ದಿನ ಹೇಗೂ ಚುರುಕಾಗಿರುತ್ತೀರಿ. ಅದಕ್ಕೇ ಬೆಳಿಗ್ಗೆ ನಾಣ್ಯ ಚಿಮ್ಮಿ. ತಲೆ ಬಿದ್ದರೆ ಕೆಲಸದ ಬಟ್ಟೆ, ಇಲ್ಲವಾದರೆ ಮನೆಬಟ್ಟೆ. ಸಂಜೆ ಮೂರೇ ಅಂಕಿ ಬರೆಯಿರಿ: ಮೊದಲ ನಿಜವಾದ ಕೆಲಸ ಶುರುವಾದ ಗಂಟೆ, ಸುಮ್ಮಸುಮ್ಮನೆ ಕುರ್ಚಿಯಿಂದ ಎದ್ದ ಸಲ, ಪೂರ್ತಿ ಮುಗಿದ ಕೆಲಸಗಳ ಎಣಿಕೆ. ಹೇಗನಿಸಿತು ಅಂತ ಬರೆಯಬೇಡಿ, ಅನಿಸಿಕೆ ಶರ್ಟಿನ ಕಡೆಗೇ ವಾಲುತ್ತದೆ. ಇಪ್ಪತ್ತು ದಿನದಲ್ಲಿ ಎರಡು ಬದಿಯ ಅಂಕಿಗಳೂ ಒಂದೇ ಥರ ಇದ್ದರೆ ಮನೆಬಟ್ಟೆಯಲ್ಲೇ ಕೂತುಕೊಳ್ಳಿ, ಸೊಂಟದ ಎಲಾಸ್ಟಿಕ್ ಮಾತ್ರ ಅಗಲದ್ದಿರಲಿ.