ಗದ್ದೆ ನೋಡದೆ ಕೊಡಗು ನೋಡಿದೆ ಅನ್ಬೇಡಿ

ಜೂನ್ ಬಂತು ಅಂದ್ರೆ ಮಂಡ್ಯದಲ್ಲಿ ನಮ್ಮ ಬಾಯಲ್ಲಿ ಎರಡೇ ಪ್ರಶ್ನೆ. ಕೊಡಗಲ್ಲಿ ಮಳೆ ಹೆಂಗೈತೆ? ಕಟ್ಟೆಲಿ ನೀರು ಎಷ್ಟೈತೆ? ಕೆಆರ್‌ಎಸ್ 124.80 ಅಡಿ ಮುಟ್ಟುತ್ತೋ ಇಲ್ವೋ ಅನ್ನೋದರ ಮೇಲೆ ನಾಲೆ ಬಯಲಿನ ನಾಟಿ, ಮದುವೆ, ಸಾಲ ಎಲ್ಲ ನಿಂತಿರುತ್ತೆ. ಇಷ್ಟು ನಂಟಿರೋ ನಾವು ಕೊಡಗಿಗೆ ಹೋಗಿ ನೋಡಿ ಬರೋದೇನು? ರಾಜಾಸೀಟು, ಅಬ್ಬಿ ಫಾಲ್ಸು, ದುಬಾರೆ ಆನೆ. ಬರ್ತಾ ಒಂದಿಷ್ಟು ಹೋಂಮೇಡ್ ಚಾಕೊಲೇಟು. ನನ್ನ ತಕರಾರು ಇರೋದೇ ಇಲ್ಲಿ.

ಅಬ್ಬಿ ಚೆನ್ನಾಗಿಲ್ಲ ಅಂತಲ್ಲ. ಆಗಸ್ಟಲ್ಲಿ ಹೋಗಿ, ಕಾಫಿ ತೋಟದ ನಡುವೆ ಮೆಟ್ಟಿಲಿಳಿದು ನಿಂತ್ರೆ ಪಕ್ಕದವರ ಮಾತೂ ಕೇಳಿಸಲ್ಲ. ಅದೇ ಏಪ್ರಿಲ್‌ನಲ್ಲಿ ಹೋದವರು "ಇಷ್ಟೇನಾ? ದುಡ್ಡು ದಂಡ" ಅಂತ ರಿವ್ಯೂ ಬರೀತಾರೆ. ಮಳೆಗಾಲದಲ್ಲಿ ಬಿದ್ದ ನೀರನ್ನ ಬೇಸಿಗೆವರೆಗೂ ಹಿಡಿದಿಟ್ಟುಕೊಳ್ಳೋರು ಯಾರು ಅಂತ ಮಾತ್ರ ಒಬ್ಬರೂ ಕೇಳಲ್ಲ.

ಸೋಮವಾರಪೇಟೆ ಕಡೆಯ ಮಲ್ಲಳ್ಳಿ ನನಗೆ ಅಬ್ಬಿಗಿಂತ ಇಷ್ಟ. ಇಳಿಯುವಾಗ ಹಾಡು, ಹತ್ತುವಾಗ ದೇವರ ನಾಮ, ಮೆಟ್ಟಿಲು ಹಾಗಿವೆ. ಆದರೆ ಅಲ್ಲಿ ಧುಮುಕೋದು ಕುಮಾರಧಾರೆ. ಅದು ಪಶ್ಚಿಮಕ್ಕೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತೆ. ಅಷ್ಟು ನೀರಲ್ಲಿ ಮಂಡ್ಯದವರಿಗೆ ಒಂದು ತೊಟ್ಟೂ ಇಲ್ಲ! ನಮ್ಮ ಪಾಲಿನದು ದಕ್ಷಿಣ ಕೊಡಗಿನ ಇರ್ಪು ಫಾಲ್ಸು. ಬ್ರಹ್ಮಗಿರಿಯಿಂದ ಇಳಿಯೋ ಲಕ್ಷ್ಮಣತೀರ್ಥ ನದಿ ಅದು, ಮುಂದೆ ಕೆಆರ್‌ಎಸ್ ಹಿನ್ನೀರಲ್ಲೇ ಕಾವೇರಿಗೆ ಸೇರೋದು. ಕೆಳಗೆ ರಾಮೇಶ್ವರ ದೇವಸ್ಥಾನ, ಶಿವರಾತ್ರಿಗೆ ಜನವೋ ಜನ.

ಇರ್ಪುವಿಂದ ವಾಪಸ್ ಬರುವಾಗ ರಸ್ತೆ ಪಕ್ಕ ಭತ್ತ ತೆನೆ ತುಂಬಿ ಬಾಗಿತ್ತು. ಅದರ ಆಚೆಯ ಗದ್ದೆ ಪಾಳು, ಅದಕ್ಕೂ ಆಚೆ ಶುಂಠಿ. ಬದುವಿನ ಮೇಲೆ ನಿಂತಿದ್ದ ಹಿರಿಯರನ್ನ "ಯಜಮಾನ್ರೇ, ಇದು ನಿಮ್ದೇನಾ?" ಅಂದೆ.

"ನಮ್ಮದೇ. ಆನೆ ಬಿಟ್ಟರೆ ನಮ್ಮದು" ಅಂದ್ರು.

ತೆನೆ ಹಾಲುಗಟ್ಟುವಾಗ ಶುರುವಾಗುವ ರಾತ್ರಿ ಕಾವಲು ಕೊಯ್ಲು ಮುಗಿಯುವ ತನಕ ತಪ್ಪಲ್ಲವಂತೆ. ಸೋಲಾರ್ ಬೇಲಿ ಇದೆ, ಆನೆ ಅದರ ಮೇಲೆ ಮರ ಬೀಳಿಸಿ ದಾಟುತ್ತೆ. ನಾಟಿಗೆ ಆಳಿಲ್ಲ, ಸಿಕ್ಕರೂ ಭತ್ತದ ರೇಟಲ್ಲಿ ಕೂಲಿ ಹುಟ್ಟಲ್ಲ. ಇತ್ತ ಕಾಫಿ, ಮೆಣಸಿಗೆ ಬೆಲೆ ಇದೆ. ಮತ್ಯಾಕೆ ಬೆಳೀತೀರಿ ಅಂದಿದ್ದಕ್ಕೆ, "ಪುತ್ತರಿಗೆ ಕದಿರು ಬೇರೆಯವರ ಗದ್ದೆಯಿಂದ ತರೋದಾ?" ಅಂತ ನನ್ನನ್ನೇ ಕೇಳಿದ್ರು. ಪುತ್ತರಿ ಅಂದ್ರೆ ಕೊಡಗಿನ ಸುಗ್ಗಿ ಹಬ್ಬ. ಆ ದಿನ ರಾತ್ರಿ ಗದ್ದೆಗಿಳಿದು, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾ ಹೊಸ ಕದಿರು ಕೊಯ್ದು ಮನೆ ತುಂಬಿಸಿಕೊಳ್ಳೋ ಪದ್ಧತಿ ಅವರದು. ಗದ್ದೆ ಬಿಟ್ಟ ಮನೆಗಳು ಈಗ ಕದಿರಿಗೆ ಪಕ್ಕದವರ ಗದ್ದೆಗೆ ಹೋಗ್ತಿವೆ.

ಅವರು ಹೇಳದ ಇನ್ನೊಂದು ಮಾತಿದೆ. ನಾಟಿಯಾದ ಮೇಲೆ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದ ಗದ್ದೆ, ಸುಮ್ಮನೆ ಭತ್ತ ಮಾತ್ರ ಬೆಳೆಯಲ್ಲ. ಆ ನೀರು ನಿಧಾನಕ್ಕೆ ನೆಲಕ್ಕಿಂಗಿ ಕೆಳಗಿನ ತೋಡು, ಹೊಳೆಗೆ ಒಸರುತ್ತೆ. ಶುಂಠಿಯಲ್ಲಿ ಇದು ಉಲ್ಟಾ, ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ, ಹಾಗಾಗಿ ಕಾಲುವೆ ತೆಗೆದು ಬಸಿದುಬಿಡ್ತಾರೆ. ಲೇಔಟ್ ಆದ ಗದ್ದೆ ಬಗ್ಗೆ ಹೇಳೋದೇ ಬೇಡ. ಇದರ ಮೇಲೆ ಫೆಬ್ರವರಿ, ಮಾರ್ಚಲ್ಲಿ ರೋಬಸ್ಟಾ ಹೂವಿಗೆ ಮಳೆ ಕೈಕೊಟ್ಟರೆ ಹೊಳೆಯಿಂದಲೇ ಸ್ಪ್ರಿಂಕ್ಲರ್ ಹೊಡೀಬೇಕು. ಬೆಳೆಗಾರರನ್ನ ಬೈಯ್ಯೋಕೆ ನನಗೆ ಬಾಯಿ ಬರಲ್ಲ. ಕಟ್ಟೆ ನೀರಿನ ಅಡಿ, ಕ್ಯುಸೆಕ್ಸ್ ಲೆಕ್ಕಕ್ಕೆ ಹೆದ್ದಾರಿ ತಡೆಯೋ ನಾವು, ಮೇಲೆ ನೀರು ಹಿಡಿದಿಡೋ ರೈತನಿಗೆ ನಯಾಪೈಸೆ ಕೊಟ್ಟಿದ್ದೀವಾ?

ಪಕ್ಕದ ಕೇರಳ 2008ರಲ್ಲೇ ಗದ್ದೆ ಉಳಿಸೋಕೆ ಕಾಯ್ದೆ ಮಾಡ್ತು. 2020ರಲ್ಲಿ ಭತ್ತದ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ರಾಯಧನ ಕೊಡೋಕೂ ಶುರು ಮಾಡ್ತು. ಅದು ಕಡಿಮೆ, ಒಪ್ಪಿದೆ. ಆದರೆ ಗದ್ದೆ ನೀರನ್ನ ಕಾಯುತ್ತೆ, ಅದಕ್ಕೆ ಕೂಲಿ ಇದೆ ಅಂತ ಒಂದು ಸರ್ಕಾರ ಬರೆದುಕೊಟ್ಟ ಹಾಗಾಯ್ತು. ಕಾವೇರಿ ಹೆಸರಲ್ಲಿ ಓಟು ಕೇಳೋ ನಮ್ಮ ಕಡೆಯ ನಾಯಕರು ಕೊಡಗಿನ ಗದ್ದೆಗೆ ಇಂಥದ್ದೊಂದು ಕೇಳಲಿ, ನಾನೇ ಹಾರ ತರ್ತೀನಿ.

ಹೋಗೋರಿಗೆ: ನಾಟಿ ನೋಡಬೇಕಂದ್ರೆ ಜುಲೈ, ಆಗಸ್ಟು. ಜಿಗಣೆ ಕಚ್ಚುತ್ತೆ, ಉಪ್ಪಿನ ಪೊಟ್ಟಣ ಇಟ್ಕೊಳ್ಳಿ. ತೆನೆ ನೋಡಬೇಕಂದ್ರೆ ನವೆಂಬರ್. ಬದುವಿನ ಮೇಲೆ ಕಾಲಿಡೋ ಮುಂಚೆ ಮನೆಯವರನ್ನ ಕೇಳಿ, ಬಿಯರ್ ಬಾಟ್ಲಿ ಗದ್ದೆಗೆ ಎಸೀಬೇಡಿ, ಅಲ್ಲಿ ಬರಿಗಾಲಲ್ಲಿ ಇಳಿಯೋರಿದ್ದಾರೆ.