404 ಬಂದರೆ ತಪ್ಪು ನಿನ್ನದೇ ಅಂದುಕೊಳ್ಳಬೇಡ ಪುಟ್ಟಿ

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ತಿಪಟೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಳು. ಎಂಸಿಎ ಓದುತ್ತಿದ್ದಾಳೆ. ಅವಳ ಧ್ವನಿ ಕೇಳಿ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಅಂತ ಗಾಬರಿಯಾಯಿತು.

"ಮಾವ, ನಂಗೆ ಈ ಪ್ರೋಗ್ರಾಮಿಂಗ್ ಆಗಿಬರಲ್ಲ ಅನ್ಸುತ್ತೆ."

ವಿಷಯ ಇಷ್ಟೇ. ಭಾವ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಅಪ್ಪನ ಲೆಕ್ಕದ ಪುಸ್ತಕವನ್ನೇ ವೆಬ್ ಅಪ್ಲಿಕೇಶನ್ ಮಾಡಿ ಪ್ರಾಜೆಕ್ಟ್ ಅಂತ ಕೊಡೋಣ ಅಂದುಕೊಂಡಿದ್ದಾಳೆ. ರೈತರ ಹೆಸರು, ಊರು, ಎಷ್ಟು ಚೀಲ, ಎಷ್ಟು ತೂಕ, ಏನು ದರ. ಬರೆಯುವುದು ಜಾವಾದಲ್ಲಿ. ಬ್ರೌಸರ್ ಕೇಳಿದ್ದಕ್ಕೆ ಉತ್ತರ ಕೊಡಲು ಸರ್ವ್ಲೆಟ್ ಅನ್ನುವ ಜಾವಾ ಕ್ಲಾಸ್, ಪುಟ ತೋರಿಸಲು ಜೆಎಸ್‌ಪಿ, ಡೇಟಾ ಇಡಲು ಮೈಎಸ್‌ಕ್ಯೂಎಲ್. ಸಿಲಬಸ್‌ನಲ್ಲಿ ಇರುವುದೂ ಅದೇ. ಆದರೆ ಎರಡು ದಿನವಾದರೂ ಒಂದು ಫಾರ್ಮ್, ಒಂದು ಸರ್ವ್ಲೆಟ್ ದಾಟಿ ಮುಂದೆ ಹೋಗಿಲ್ಲ. ಮೊದಲ ಪುಟ ಚೆನ್ನಾಗಿ ತೆರೆಯುತ್ತದೆ. ಹೆಸರು ತುಂಬಿ ಬಟನ್ ಒತ್ತಿದರೆ 404, ಅಂದರೆ 'ಈ ವಿಳಾಸದಲ್ಲಿ ಏನೂ ಸಿಗಲಿಲ್ಲ' ಅನ್ನುವ ಎರರ್. ಕನ್ಸೋಲ್‌ನಲ್ಲಿ ಒಂದೇ ಒಂದು ಎರರ್ ಸಾಲು ಇಲ್ಲ.

ಸ್ಕ್ರೀನ್ ಶೇರ್ ಮಾಡಿಸಿ ನೋಡಿದೆ. ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಾನೂ ಮೊದಲು ಮಾಡಿದ್ದು ಅವಳು ಎರಡು ದಿನ ಮಾಡಿದ್ದನ್ನೇ. ಯುಆರ್‌ಎಲ್‌ನಲ್ಲಿ ಸ್ಪೆಲ್ಲಿಂಗ್ ಸರಿ ಇದೆಯಾ, ದೊಡ್ಡಕ್ಷರ ಚಿಕ್ಕಕ್ಷರ ಅದಲುಬದಲಾಗಿದೆಯಾ ಅಂತ ನೋಡಿದ್ದು. ಎಲ್ಲ ಸರಿ ಇತ್ತು. ಸರ್ವ್ಲೆಟ್‌ಗಳನ್ನು ಓಡಿಸುವ ಸರ್ವರ್ ಟಾಮ್‌ಕ್ಯಾಟ್. ಕೊನೆಗೆ ಅದರ ಬಗ್ಗೆ ಕೇಳಿದೆ, "ಟಾಮ್‌ಕ್ಯಾಟ್ ಯಾವ ವರ್ಷನ್ ಹಾಕಿದ್ದೀಯಾ?"

"ಯಾವುದೋ ಹೊಸದು ಮಾವ. 10.1 ಅಂತ ಇದೆ."

"ನೋಡಿ ಕಲಿತ ವಿಡಿಯೋ ಯಾವ ವರ್ಷದ್ದು?"

ಒಂದು ನಿಮಿಷ ಬಿಟ್ಟು ಹೇಳಿದಳು. 2018.

ಗಂಟು ಬಿಚ್ಚಿತು. ಆದರೆ ಈ ಗಂಟು ಹಾಕಿದ್ದು ಅವಳಲ್ಲ. ಅವಳು ಹೈಸ್ಕೂಲಿನಲ್ಲಿದ್ದಾಗ ದೊಡ್ಡವರ ನಡುವೆ ಆದ ಒಂದು ಆಸ್ತಿ ಭಾಗದ ಕಥೆ ಇದು. ದೊಡ್ಡ ಮಟ್ಟದ ಜಾವಾ ಅಪ್ಲಿಕೇಶನ್‌ಗಳಿಗೆ ಬೇಕಾದ ಸಾಮಾನೆಲ್ಲ 'ಜಾವಾ ಇಇ' ಅನ್ನೋ ಹೆಸರಿನಲ್ಲಿತ್ತು. ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದ್ದು. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡುಕೊಂಡಿತು. 2017ರಲ್ಲಿ ಒರಾಕಲ್ ಇದನ್ನು ಎಕ್ಲಿಪ್ಸ್ ಫೌಂಡೇಶನ್ ಅನ್ನುವ ಓಪನ್ ಸೋರ್ಸ್ ಸಂಸ್ಥೆಗೆ ಬಿಟ್ಟುಕೊಡಲು ಹೊರಟಿತು. ಕೋಡ್ ಕೊಟ್ಟರು. ಆದರೆ 'ಜಾವಾ' ಅನ್ನುವ ಹೆಸರು ಒರಾಕಲ್‌ನ ಟ್ರೇಡ್‌ಮಾರ್ಕ್. ಅದನ್ನು ಕೊಡಲಿಲ್ಲ. ಹೊಲ ಬರೆದುಕೊಟ್ಟು ಮನೆತನದ ಹೆಸರು ಮಾತ್ರ ಬಳಸಬೇಡಿ ಅಂದ ಹಾಗೆ. 2018ರಲ್ಲಿ ಹೊಸ ಹೆಸರು ಬಂತು, 'ಜಕಾರ್ತಾ ಇಇ'. ಕೋಡಿನ ಒಳಗೆ ಸಾವಿರ ಕಡೆ ಇರುವ 'ಜಾವಾಎಕ್ಸ್' ಅನ್ನುವ ಹಳೆಯ ಹೆಸರಿನ ಬಗ್ಗೆ ಮಾತುಕತೆ ನಡೆಯಿತು. 2019ರಲ್ಲಿ ಅದೂ ಮುರಿದುಬಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಇವರ ಪಾಲಿಗೆ ಬಂದ ಪ್ಯಾಕೇಜ್‌ಗಳಲ್ಲೆಲ್ಲ 'ಜಾವಾಎಕ್ಸ್' ಅಳಿಸಿ 'ಜಕಾರ್ತಾ' ಅಂತ ಬರೆದರು. ಟಾಮ್‌ಕ್ಯಾಟ್ 9 ಹಳೆಯ ಹೆಸರಿನಲ್ಲೇ ಉಳಿಯಿತು. ಟಾಮ್‌ಕ್ಯಾಟ್ 10 ಹೊಸ ಹೆಸರಿಗೆ ಹೋಯಿತು.

(ತಮಾಷೆ ಅಂದರೆ ಟಾಮ್‌ಕ್ಯಾಟ್ ಮೊದಲು ಬೆಳೆದದ್ದೇ ಅಪಾಚೆಯ 'ಜಕಾರ್ತಾ' ಅನ್ನುವ ಯೋಜನೆಯ ಒಳಗೆ. ತಿರುಗಿ ತಿರುಗಿ ಅದೇ ಹೆಸರಿಗೆ ಬಂದು ನಿಂತಿದೆ.)

ಈಗ ನಮ್ಮ ಹುಡುಗಿಯ ಕೋಡ್ ನೋಡಿ. ಸರ್ವ್ಲೆಟ್‌ನ ತಲೆಯ ಮೇಲೆ "ಈ ವಿಳಾಸಕ್ಕೆ ಬಂದವರನ್ನು ನಾನು ನೋಡಿಕೊಳ್ಳುತ್ತೇನೆ" ಅಂತ ಹೇಳುವ ಒಂದು ಗುರುತುಚೀಟಿ, ಅಂದರೆ ಅನೋಟೇಶನ್ ಇದೆ. ಅದು ಹಳೆಯ ಮನೆತನದ್ದು. ಟಾಮ್‌ಕ್ಯಾಟ್ 10 ಹುಡುಕುವುದು ಹೊಸ ಮನೆತನದ ಅನೋಟೇಶನ್. ಹಳೆಯದು ಅದರ ಕಣ್ಣಿಗೇ ಬೀಳುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ, ಬೈಯುವುದೂ ಇಲ್ಲ. ಅಂಥ ವಿಳಾಸವೇ ನನಗೆ ಗೊತ್ತಿಲ್ಲ ಅಂತ 404 ಕೊಟ್ಟು ಸುಮ್ಮನಾಗುತ್ತದೆ. ಅವಳು ಕೋಡ್ ಬರೆಯುವ ಎಕ್ಲಿಪ್ಸ್ ಅನ್ನುವ ತಂತ್ರಾಂಶದಲ್ಲಿ ಕೋಡ್ ಕಂಪೈಲ್ ಆಗುತ್ತದೆ, ಯಾಕೆಂದರೆ ಜಾರ್‌ಗಳನ್ನು (ಸಿದ್ಧ ಜಾವಾ ಕೋಡಿನ ಕಟ್ಟುಗಳನ್ನು) ತಂದುಕೊಡುವ ಮೇವನ್‌ನ ಪಾಮ್ ಫೈಲ್‌ಗೆ ವಿಡಿಯೋ ನೋಡಿ ಹಾಕಿದ ಸರ್ವ್ಲೆಟ್ ಜಾರ್ ಕೂಡ ಹಳೆಯದೇ. ಜೆಎಸ್‌ಪಿ ಪುಟಕ್ಕೆ ಈ ಜಗಳ ಸಂಬಂಧವಿಲ್ಲ. ಹಾಗಾಗಿ ಮೊದಲ ಪುಟ ಚೆನ್ನಾಗಿ ಬರುತ್ತದೆ. ಎಲ್ಲ ಸರಿ ಇದ್ದೂ ಏನೂ ನಡೆಯುವುದಿಲ್ಲ. ಇಂಥದ್ದನ್ನು ಇಪ್ಪತ್ತೆರಡು ವರ್ಷದ ಹುಡುಗಿ ತಾನೇ ಕಂಡುಹಿಡಿಯಬೇಕು ಅಂದರೆ ಹೇಗೆ?

ನನಗೆ ಸಿಟ್ಟು ಬರುವುದು ಇಲ್ಲೇ. ನಾವು ಜಾವಾ ಕಲಿಸುತ್ತೇವೆ. ಲೂಪ್, ಕ್ಲಾಸ್, ಇನ್‌ಹೆರಿಟೆನ್ಸ್ ಎಲ್ಲ ಬೋರ್ಡ್ ಮೇಲೆ ಬರೆದು ಹೇಳಿಕೊಡುತ್ತೇವೆ. ಸೆಟಪ್ ಬಂದಾಗ ಮಾತ್ರ "ಅದನ್ನ ನೀವೇ ಮಾಡ್ಕೊಂಡು ಬನ್ನಿ" ಅಂತೀವಿ. ಅದೇನೋ ಬೆಂಚು ಒರೆಸುವ ಕೆಲಸದ ಹಾಗೆ. ಮಕ್ಕಳು ಮೊದಲ ಸಲ ಕಾಲು ಜಾರುವುದೇ ಆ ಹೊಸ್ತಿಲಿನಲ್ಲಿ. ಜಾರಿದವರು ಹೊಸ್ತಿಲು ಸರಿಯಿಲ್ಲ ಅನ್ನುವುದಿಲ್ಲ, ನನ್ನ ಕಾಲೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಅದರಲ್ಲೂ ಊರಿನ ಕಾಲೇಜಿನಿಂದ ಬಂದ ಮಕ್ಕಳು ಜಾಸ್ತಿ.

ಕಂಪನಿಗಳೇನು ಮೇಲಲ್ಲ. ನಾನು ಮೊದಲು ಸೇರಿದ ಕಡೆ (ಹೆಸರು ಬೇಡ) ಸೆಟಪ್‌ಗೆ ಅಂತ ಒಂದು ವರ್ಡ್ ಫೈಲ್ ಕೊಟ್ಟರು. ಏಳನೇ ಹೆಜ್ಜೆಯಲ್ಲಿ, ಇಂಥವರ ಹತ್ತಿರ ಹೋಗಿ ಜಾರ್ ಫೈಲ್ ಇಸಿದುಕೊಳ್ಳಿ ಅಂತ ಇತ್ತು. ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಐದು ದಿನ ಕ್ಯಾಂಟೀನಿನಲ್ಲಿ ಟೀ ಕುಡಿದೆ.

ಇದನ್ನೆಲ್ಲ ಆಫೀಸಿನಲ್ಲಿ ಹೇಳಿದಾಗ ಒಬ್ಬ ಗೆಳೆಯ ನಕ್ಕ. "ಈ ಕಾಲದಲ್ಲಿ ಸರ್ವ್ಲೆಟ್ ಯಾರು ಬರೀತಾರೆ ಗುರು? ಸ್ಪ್ರಿಂಗ್ ಬೂಟ್ ಹಾಕ್ಕೊಡು, ಐದು ನಿಮಿಷ" ಅಂದ. ಸುಳ್ಳಲ್ಲ. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬೇಗ ಕಟ್ಟಲು ಇರುವ ಸಿದ್ಧ ಚೌಕಟ್ಟು ಅದು. ಟಾಮ್‌ಕ್ಯಾಟ್ ಅದರ ಹೊಟ್ಟೆಯೊಳಗೇ ಬರುತ್ತದೆ. ನಾನೂ ದಿನವಿಡೀ ಅದನ್ನೇ ಬಳಸುತ್ತೇನೆ. ಆದರೆ ಸಿಲಬಸ್ ಕೇಳುವುದು ಸರ್ವ್ಲೆಟ್. ಜೊತೆಗೆ, ಕುಕ್ಕರ್‌ನಲ್ಲಿ ಅನ್ನ ಮಾಡಿದವರಿಗೆ ಅಕ್ಕಿ ಬೇಯುವುದು ಕಾಣುವುದಿಲ್ಲ. ಹಸಿವಾದಾಗ ಕುಕ್ಕರ್ ಸರಿ. ಕಲಿಯುವಾಗ ಒಂದು ಸಲ ಪಾತ್ರೆಯಲ್ಲಿ ಮಾಡಿ ನೋಡಲಿ ಅಂತ ನನ್ನ ವಾದ. ಅಷ್ಟಕ್ಕೂ ಸ್ಪ್ರಿಂಗ್ ಬೂಟ್ ಈ ಜಗಳದಿಂದ ಹೊರಗೇನೂ ಇಲ್ಲ. 2022ರ ನವೆಂಬರ್‌ನಲ್ಲಿ ಬಂದ ಅದರ 3ನೇ ವರ್ಷನ್ ಜಾವಾ 17 ಕೇಳುತ್ತದೆ, ಹೆಸರೂ ಜಕಾರ್ತಾ. ಹಳೆಯ ವಿಡಿಯೋ ಹಿಡಿದು ಹೋದವರು ಅಲ್ಲೂ ಮುಗ್ಗರಿಸುತ್ತಾರೆ.

ಆ ಭಾನುವಾರ ಅವಳಿಂದ ಎಕ್ಲಿಪ್ಸ್ ಮುಚ್ಚಿಸಿದೆ. ನೋಟ್‌ಪ್ಯಾಡ್, ಕಮಾಂಡ್ ಪ್ರಾಂಪ್ಟ್, ಟಾಮ್‌ಕ್ಯಾಟ್ ಫೋಲ್ಡರ್. ಮೂರೇ. ಕಾಲೇಜಿನ ಲ್ಯಾಬ್‌ನಲ್ಲಿ ಇರುವುದು ಜಾವಾ 8. ಟಾಮ್‌ಕ್ಯಾಟ್ 10.1ಕ್ಕೆ ಕಡಿಮೆ ಅಂದರೂ ಜಾವಾ 11 ಬೇಕು. ಹಾಗಾಗಿ ಟಾಮ್‌ಕ್ಯಾಟ್ 9 ಹಾಕಿಸಿದೆ. ಅವಳ ಹಳೆಯ ಕೋಡ್‌ಗೂ ಅದೇ ಹೊಂದುತ್ತದೆ. ಟಾಮ್‌ಕ್ಯಾಟ್ ಅಪ್ಲಿಕೇಶನ್‌ಗಳನ್ನು ಹುಡುಕುವ ವೆಬ್‌ಆ್ಯಪ್ಸ್ ಫೋಲ್ಡರಿನಲ್ಲಿ 'ಕೊಬ್ಬರಿ' ಅಂತ ಒಂದು ಫೋಲ್ಡರ್ ಮಾಡಿದಳು. ಅದರೊಳಗೆ ವೆಬ್-ಇನ್ಫ್. ಅದರೊಳಗೆ ಕ್ಲಾಸಸ್.

"ಈ ವೆಬ್-ಇನ್ಫ್ ಯಾಕೆ ಮಾವ? ಎಲ್ಲರೂ ಮಾಡಿ ಅಂತಾರೆ, ಯಾಕೆ ಅಂತ ಯಾರೂ ಹೇಳಲ್ಲ."

ಮನೆಗೆ ಬಂದವರನ್ನು ಪಡಸಾಲೆಯಲ್ಲಿ ಕೂರಿಸ್ತೀವಿ, ಒಳಮನೆಗೆ ಬಿಡಲ್ಲ ಅಲ್ವಾ, ಹಾಗೆ ಅಂದೆ. ಆ ಫೋಲ್ಡರಿನಲ್ಲಿ ಇಟ್ಟದ್ದನ್ನು ಬ್ರೌಸರ್ ನೇರವಾಗಿ ಕೇಳಿದರೆ ಟಾಮ್‌ಕ್ಯಾಟ್ ಕೊಡುವುದಿಲ್ಲ. ಕ್ಲಾಸ್ ಫೈಲ್, ಜಾರ್, ಸೆಟ್ಟಿಂಗ್ ಎಲ್ಲ ಅಲ್ಲೇ ಇರಬೇಕು. ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಲ್ಲೇ ಇರುವ ಸರ್ವ್ಲೆಟ್ ಜಾರ್ ತೋರಿಸಿ ಕೋಡ್ ಕಂಪೈಲ್ ಮಾಡುವ ಜಾವಾಸಿ (javac) ಕಮಾಂಡ್ ಕೊಟ್ಟಳು. ಟಾಮ್‌ಕ್ಯಾಟ್ ಶುರು ಮಾಡಿದಳು. ಬ್ರೌಸರ್‌ನಲ್ಲಿ ಟಾಮ್‌ಕ್ಯಾಟ್ ಕೂರುವ ಪೋರ್ಟ್ (ಬಾಗಿಲಿನ ನಂಬರ್) 8080 ಸೇರಿಸಿ ವಿಳಾಸ ಹೊಡೆದಳು. 'ನಮಸ್ಕಾರ' ಬಂತು, ಇಂಗ್ಲಿಷ್ ಅಕ್ಷರದಲ್ಲಿ. ಹೊಸ ಮನೆಯಲ್ಲಿ ಹಾಲು ಉಕ್ಕಿದ ಹಾಗೆ ಖುಷಿಪಟ್ಟಳು.

ಆಮೇಲೆ ಮತ್ತೆ ಎಕ್ಲಿಪ್ಸ್‌ಗೆ ಹೋದೆವು. ಈ ಸಲ ಅದು ಏನು ಮಾಡುತ್ತಿದೆ ಅಂತ ಅವಳಿಗೆ ಕಾಣುತ್ತಿತ್ತು. ಎಕ್ಲಿಪ್ಸ್ ನಮ್ಮ ಅಪ್ಲಿಕೇಶನ್ ಅನ್ನು ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್‌ಗೆ ಹಾಕುವುದೇ ಇಲ್ಲ. ತನ್ನ ವರ್ಕ್‌ಸ್ಪೇಸ್‌ನ ಮೂಲೆಯಲ್ಲಿ ಬೇರೆ ಜಾಗ ಮಾಡಿಕೊಂಡು ಅಲ್ಲಿಂದ ಓಡಿಸುತ್ತದೆ. ಅದಕ್ಕೇ ಎಕ್ಲಿಪ್ಸ್‌ನಿಂದ ಟಾಮ್‌ಕ್ಯಾಟ್ ಶುರು ಮಾಡಿ ಬರೀ 8080 ಹೊಡೆದರೆ ಬೆಕ್ಕಿನ ಚಿತ್ರವಿರುವ ಟಾಮ್‌ಕ್ಯಾಟ್‌ನ ಸ್ವಾಗತ ಪುಟ ಬರುವುದಿಲ್ಲ, 404 ಬರುತ್ತದೆ. ಅದು ಕೆಟ್ಟಿಲ್ಲ. ಇದೊಂದು ಗೊತ್ತಿಲ್ಲದೆ ಟಾಮ್‌ಕ್ಯಾಟ್ ಅನ್ನು ನಾಲ್ಕು ಸಲ ಕಿತ್ತು ಹಾಕಿದವರನ್ನು ನೋಡಿದ್ದೇನೆ.

ಮೇವನ್ ಬಗ್ಗೆ ಒಂದೇ ಮಾತು. ಮೊದಲ ಸಲ ಅದು ಊರೆಲ್ಲ ಸುತ್ತಿ ಜಾರ್ ಫೈಲ್ ಇಳಿಸಿಕೊಳ್ಳುತ್ತದೆ. ಹಾಟ್‌ಸ್ಪಾಟ್ ನಡುವೆ ಕೈಕೊಟ್ಟರೆ "ಇದು ಸಿಗಲಿಲ್ಲ" ಅಂತ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ನೆಟ್ ಬಂದರೂ ತಕ್ಷಣ ಮತ್ತೆ ಕೇಳುವುದಿಲ್ಲ. ಮೇವನ್‌ನ ಎಂವಿಎನ್ (mvn) ಕಮಾಂಡ್ ಜೊತೆ ಒಂದು ಅಡ್ಡಗೆರೆ, ದೊಡ್ಡ 'ಯು' (-U) ಸೇರಿಸಿ. ಆಗ ಮತ್ತೆ ಹೋಗಿ ನೋಡುತ್ತದೆ.

ಇನ್ನು ಕನ್ನಡ. ನಿಜವಾದ ಮಜಾ ಇಲ್ಲಿದೆ. ಇಂಗ್ಲಿಷಿನಲ್ಲಿ ಹೆಸರು ತುಂಬಿದಾಗ ಎಲ್ಲ ಚೆನ್ನಾಗಿತ್ತು. ಭಾವ ಬಂದು ನೋಡಿ, ರೈತರ ಹೆಸರು ಕನ್ನಡದಲ್ಲೇ ಇರಲಿ ಅಂದರು. 'ರವಿ' ಅಂತ ಹಾಕಿದಳು. ತಲೆಬುಡವಿಲ್ಲದ ಏನೋ ಅಕ್ಷರ ಬಂತು. 'ಕೆಂಪಮ್ಮ' ಅಂತ ಹಾಕಿದಳು. ಡೇಟಾಬೇಸ್ ತಗೊಳ್ಳಲೇ ಇಲ್ಲ. ಹೆಸರು ಉದ್ದವಾಯಿತು ಅಂತ ಎರರ್. ಹೆಸರಿನ ಕಾಲಂ ಇಪ್ಪತ್ತು ಅಕ್ಷರದ್ದು. ಕೆಂಪಮ್ಮ ಯಾವ ಲೆಕ್ಕದಲ್ಲಿ ಇಪ್ಪತ್ತು ದಾಟುತ್ತಾಳೆ?

ಲೆಕ್ಕ ಹಾಕಿದೆವು. ನಮ್ಮ ಕಣ್ಣಿಗೆ 'ಕೆಂಪಮ್ಮ' 3 ಅಕ್ಷರ. ಯೂನಿಕೋಡ್ ಎತ್ವ, ಸೊನ್ನೆ, ಒತ್ತಿನ ಹಿಂದಿರುವ ಹಲಂತ ಎಲ್ಲವನ್ನೂ ಬೇರೆಬೇರೆ ಎಣಿಸುತ್ತದೆ. ಆಗ 7. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಅನ್ನುವ ವಿಧಾನದಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟ್. ಅಲ್ಲಿಗೆ 21. ಬ್ರೌಸರ್ ಆ 21 ಬೈಟ್ ಕಳಿಸಿತು. ಟಾಮ್‌ಕ್ಯಾಟ್ 9ಕ್ಕೆ ಯಾರೂ ಹೇಳದಿದ್ದರೆ ಫಾರ್ಮ್‌ನಿಂದ ಬಂದದ್ದನ್ನು ಐಎಸ್‌ಒ-8859-1 ಅಂತ ಓದುತ್ತದೆ. ಅದು ಯುರೋಪಿನ ಅಕ್ಷರಗಳ ಲೆಕ್ಕ, ಒಂದು ಬೈಟ್‌ಗೆ ಒಂದು ಅಕ್ಷರ. ಹಾಗಾಗಿ ಕೆಂಪಮ್ಮ 21 ಅಕ್ಷರದ ಯಾರೋ ಆಗಿಬಿಟ್ಟಳು. ಇಪ್ಪತ್ತರ ಕಾಲಂನಲ್ಲಿ ಒಂದು ಅಕ್ಷರಕ್ಕೆ ಜಾಗ ಸಾಲಲಿಲ್ಲ. ಫೋನಿನಲ್ಲಿ ಇಬ್ಬರೂ ಜೋರಾಗಿ ನಕ್ಕೆವು.

ಮದ್ದು ಒಂದೇ ಸಾಲು. ಸರ್ವ್ಲೆಟ್‌ನಲ್ಲಿ ರಿಕ್ವೆಸ್ಟ್‌ನ ಕ್ಯಾರೆಕ್ಟರ್ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಬೇಕು. ಅದೂ ಮೊದಲ ಪ್ಯಾರಾಮೀಟರ್ ಓದುವ ಮುಂಚೆ. ಓದಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಜೆಎಸ್‌ಪಿ ಪುಟದ ತಲೆಯಲ್ಲೂ ಯುಟಿಎಫ್-8 ಅಂತ ಇರಬೇಕು. ಇನ್ನೊಂದು ನೆನಪಿಟ್ಟುಕೊಳ್ಳಿ. ವಿಚಿತ್ರ ಅಕ್ಷರ ಕಂಡರೆ ಸಾಮಾನ್ಯವಾಗಿ ನಿಮ್ಮ ಕನ್ನಡ ಇನ್ನೂ ಬದುಕಿದೆ, ಯಾರೋ ತಪ್ಪಾಗಿ ಓದುತ್ತಿದ್ದಾರೆ ಅಷ್ಟೇ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಹೆಚ್ಚುಕಡಿಮೆ ಅದು ದಾರಿಯಲ್ಲೇ ಹೋಗಿಬಿಟ್ಟಿದೆ, ಮತ್ತೆ ಟೈಪ್ ಮಾಡಬೇಕು.

ನಮ್ಮ ಸಿಲಬಸ್‌ನ ಉದಾಹರಣೆಗಳಲ್ಲಿ ಒಂದರಲ್ಲಾದರೂ ಕನ್ನಡ ಹೆಸರು ಇದ್ದಿದ್ದರೆ ಇದು ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಎಲ್ಲದರಲ್ಲೂ ಜಾನ್, ಸ್ಮಿತ್. ಅವರಿಗೆ ಬೈಟಿನ ಕಷ್ಟ ಇಲ್ಲ.

ಲ್ಯಾಬ್‌ಗೆ ಒಯ್ಯುವ ಹಿಂದಿನ ದಿನ ಇನ್ನೊಂದು ಕೇಳಿದೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಜಾವಾ 17. ಅಲ್ಲಿ ಕಂಪೈಲ್ ಮಾಡಿದ ಫೈಲ್ ಮೇಲೆ 61 ಅಂತ ಮುದ್ರೆ ಇರುತ್ತದೆ. ಲ್ಯಾಬಿನ ಜಾವಾ 8 ಗರಿಷ್ಠ 52 ಓದಬಲ್ಲದು, ಅದಕ್ಕಿಂತ ದೊಡ್ಡದು ಬಂದರೆ ಎರರ್ ಕೊಡುತ್ತದೆ. ಆ ನಂಬರಿನಿಂದ 44 ಕಳೆದರೆ ಜಾವಾ ವರ್ಷನ್ ಸಿಗುತ್ತದೆ. ಪಾಮ್ ಫೈಲ್‌ನಲ್ಲಿ ಕಂಪೈಲರ್ ರಿಲೀಸ್ 8 ಅಂತ ಹಾಕಿಸಿದೆ. ಆ ಎರರ್‌ನ ಮುಖವನ್ನು ಅವಳು ನೋಡಲೇ ಇಲ್ಲ.

ಲ್ಯಾಬ್‌ನಲ್ಲಿ ಬೇರೆಯದೇ ಎದುರಾಯಿತಂತೆ. 8080ರಲ್ಲಿ ಮೊದಲೇ ಯಾರೋ ಕೂತಿದ್ದರು. ಡಿಬಿಎಂಎಸ್ ಲ್ಯಾಬಿಗೆ ಅಂತ ಹಾಕಿದ್ದ ಹಳೆಯ ಒರಾಕಲ್ ಎಕ್ಸ್‌ಇ ಡೇಟಾಬೇಸ್. ಅದರ ವೆಬ್ ಪುಟವೂ ಅದೇ ಪೋರ್ಟ್‌ನಲ್ಲಿ ಕೂರುತ್ತದೆ. ಈ ಸಲ ನನಗೆ ಫೋನ್ ಬರಲಿಲ್ಲ. ಟಾಮ್‌ಕ್ಯಾಟ್‌ನ ಸೆಟ್ಟಿಂಗ್ ಫೈಲ್ ಸರ್ವರ್ ಎಕ್ಸ್‌ಎಂಎಲ್ ತೆರೆದು ತಾನೇ 8081 ಮಾಡಿಕೊಂಡಳಂತೆ. ನನಗೆ ಗೊತ್ತಾಗಿದ್ದೇ ಸಂಜೆ.

ಮೊನ್ನೆ ಊರಿಗೆ ಹೋಗಿದ್ದೆ. ಲ್ಯಾಪ್‌ಟಾಪ್ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಕೂತಿತ್ತು. ಕೆಂಪಮ್ಮ, ಹನ್ನೆರಡು ಚೀಲ, ಎಲ್ಲ ಅಚ್ಚುಕಟ್ಟಾಗಿ ಕನ್ನಡದಲ್ಲಿ. ಭಾವ ಕನ್ನಡಕ ಏರಿಸಿ ಎರಡು ನಿಮಿಷ ನೋಡಿದರು.

"ಎಲ್ಲಾ ಸರಿ ಮಗಳೇ. ಮುಂಗಡ ಕೊಟ್ಟಿದ್ದು ಎಲ್ಲಿ ಬರೀಬೇಕು?"

ಆ ಕಾಲಂ ಇರಲಿಲ್ಲ. ಈಗ ಅದನ್ನು ಸೇರಿಸುತ್ತಿದ್ದಾಳೆ.