ಕೊನೇ ಸಾಲು ಓದಿದ್ರಲ್ಲ, ಇನ್ನೇನು?

"ಕೊನೇ ಸಾಲು ಓದಿದ್ರಲ್ಲ, ಇನ್ನೇನು ತೊಂದರೆ?" ಅಂತ ಡಾಕ್ಟ್ರು ಕೇಳಿದರು. ಕಣ್ಣಿನ ಪೊರೆ ತೆಗೆದು ಕೃತಕ ಲೆನ್ಸ್ ಹಾಕಿದ ಆಪರೇಷನ್ ಆದಮೇಲೆ ತೋರಿಸೋಕೆ ಹೋಗಿದ್ದೆ, ಅಕ್ಷರದ ಹಲಗೆ ಓದಿಸಿದ್ದರು. ಪಕ್ಕದಲ್ಲಿ ಕಲಿಯೋಕೆ ಬಂದ ಹುಡುಗರು ನಿಂತಿದ್ದರು. ನಕ್ಕರು. ಜೋರಾಗಿ ಅಲ್ಲ, ಮುಖ ಆ ಕಡೆ ತಿರುಗಿಸಿಕೊಂಡು. ನಾನು ಗಲ್ಲವನ್ನು ಮೆಷಿನ್ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿಕೊಂಡು, ಅಲುಗಾಡಬೇಡಿ ಅಂದಿದ್ದಕ್ಕೆ ಉಸಿರು ಬಿಗಿಹಿಡಿದು ಕೂತಿದ್ದೆ. ಹಾಗೆ ಕೂತುಕೊಂಡು ಯಾರ ಜೊತೆ ಜಗಳ ಆಡೋದು ಹೇಳಿ? ಡ್ರಾಪ್ಸ್ ಹಾಕಿದ್ದಕ್ಕೆ ಕಣ್ಣಲ್ಲಿ ನೀರು ಬೇರೆ. ಅಳುತ್ತಿದ್ದೀನಿ ಅಂದುಕೊಂಡರೋ ಏನೋ, ಟಿಶ್ಯೂ ಕೊಟ್ಟರು!

ಆಮೇಲೆ ಅವರೇ ಹುಡುಗರನ್ನು ಕರೆದು, "ನೋಡಿ, ಲೆನ್ಸ್ ಮೇಲೆ ಗೀರು ಕಾಣುತ್ತಾ?" ಅಂದರು. ನನಗೆ ಹೇಳಿದ್ದಲ್ಲ, ಅವರಿಗೆ. ನನ್ನ ಕಣ್ಣೊಳಗಿನ ಗೀರು ನನಗೆ ಗೊತ್ತಾಗಿದ್ದು ಹೀಗೆ. ಡಿಸ್ಚಾರ್ಜ್ ಪತ್ರದಲ್ಲಿ ಮಾತ್ರ ಆಪರೇಷನ್ ಯಾವ ತೊಡಕೂ ಇಲ್ಲದೆ ಮುಗಿದಿದೆ.

ಸರಿ, ಆಗುತ್ತೆ. ಸುಮಾರು 6 ಮಿಲಿಮೀಟರ್ ಅಗಲದ ಲೆನ್ಸನ್ನು ಮಡಚಿ, 3 ಮಿಲಿಮೀಟರಿಗಿಂತ ಸಣ್ಣ ಸೀಳಿನಿಂದ ಒಳಗೆ ತಳ್ಳುತ್ತಾರೆ. ಚಿಮಟದ ತುದಿ ತಾಗಬಹುದು, ಒಳಗೆ ತಳ್ಳೋ ನಳಿಕೆಯಲ್ಲಿ ಸಿಕ್ಕಿ ಬಿರುಕು ಬಿಡಬಹುದು. ಗೀರು ಅಂಚಿನಲ್ಲಿದ್ದರೆ ಎಷ್ಟೋ ಜನರಿಗೆ ಗೊತ್ತೇ ಆಗಲ್ಲ. ನಂದು ನಡುಮಧ್ಯೆ ಇದೆ ಸ್ವಾಮಿ! ರಾತ್ರಿ ಎದುರಿಗೆ ಬರೋ ಪ್ರತಿ ಗಾಡಿಯ ಹೆಡ್‌ಲೈಟಿಂದಲೂ ಉದ್ದಕ್ಕೆ ಒಂದು ಗೆರೆ ಎಳೆದ ಹಾಗೆ ಕಾಣುತ್ತೆ. ಬಿಳಿ ಹಲಗೆ ಮೇಲಿನ ಕಪ್ಪು ಅಕ್ಷರ ಓದಿಸಿದರೆ ಅದು ಗೊತ್ತಾಗುತ್ತಾ? ಕತ್ತಲಲ್ಲಿ ಕೂರಿಸಿ, ಎದುರಿಗೊಂದು ದೀಪ ಹಚ್ಚಿ ಕೇಳಿ.

ನಾನೂ ಎಂಥ ಶೂರ ಅಂದರೆ, ಆ ಗೆರೆ ಬಗ್ಗೆ ಏನೇನು ಹೇಳಬೇಕು ಅಂತ ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಹೋಗಿದ್ದೆ. ಕೊನೆಗೆ ಬಾಯಿಂದ ಬಂದಿದ್ದು "ಥ್ಯಾಂಕ್ಸ್ ಡಾಕ್ಟ್ರೇ".

ಹೋಗಲಿ ಬಿಡಿ, ಕಣ್ಣು ಕಾಣುತ್ತಲ್ಲ. ಇಲ್ಲ, ಯಾಕೆ ಬಿಡಬೇಕು? ಬೇರೆ ಲೆನ್ಸ್ ಹಾಕಿ ಅಂದರೆ ರಿಸ್ಕ್ ಅಂತಾರೆ. ರಿಸ್ಕ್ ಇದೆ, ಒಪ್ಪಿದೆ. ದಿನ ಕಳೆದಷ್ಟೂ ಲೆನ್ಸ್ ಕೂತಿರೋ ಚೀಲ ಅದಕ್ಕೆ ಅಂಟಿಕೊಳ್ಳುತ್ತೆ, ತೆಗೆಯುವಾಗ ಹರಿಯಬಹುದು. ಹಾಗಾದರೆ ಮೊದಲೇ ಹೇಳೋಕೆ ಏನಾಗಿತ್ತು? ಈಗ ಒಬ್ಬರು ಮೆದುಳು ಒಗ್ಗಿಕೊಳ್ಳುತ್ತೆ ಕಾಯಿರಿ ಅಂತಾರೆ, ಇನ್ನೊಬ್ಬರು ಯಾಗ್ ಲೇಸರ್ ಮಾಡಿಸಿ ನೋಡೋಣ ಅಂತಾರೆ. ಆ ಲೇಸರ್ ಅದೇ ಚೀಲಕ್ಕೆ ಲೆನ್ಸ್ ಹಿಂದೆ ತೂತು ಮಾಡುತ್ತೆ, ಗೀರನ್ನು ಅಳಿಸಲ್ಲ. ಆಮೇಲೆ ಲೆನ್ಸ್ ಬದಲಾಯಿಸೋದು ಇನ್ನೂ ಕಷ್ಟ.

ಅಷ್ಟು ದೊಡ್ಡ ಮೈಕ್ರೋಸ್ಕೋಪಲ್ಲಿ ನೋಡುತ್ತಾ ಲೆನ್ಸ್ ಕೂರಿಸಿದವರಿಗೆ ಇದು ಕಾಣಲಿಲ್ಲವಾ, ಇಲ್ಲ ಕಂಡೂ ಸುಮ್ಮನಾದರಾ? ಯಾರಾದರೂ ಉತ್ತರ ಕೊಡಿ. ಗೊತ್ತಿದ್ದವರು ಯಾರಾದರೂ ಸರಿ.

ಹೊರಗೆ ಬರುವಾಗ ಕೌಂಟರಿನ ಹುಡುಗಿ, ಇನ್ನೊಂದು ಕಣ್ಣಿಗೂ ಪೊರೆ ಬಲಿತಿದೆ, ಯಾವ ತಾರೀಖು ಬರೆದುಕೊಳ್ಳಲಿ ಅಂತ ಕೇಳಿದಳು. ಫೋನ್ ಮಾಡ್ತೀನಮ್ಮ ಅಂತ ಹೇಳಿ ಬಂದೆ.